ಪರದೇಶಿ ಮೇಷ್ಟರು

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಬೇರೆ ದೇಶದವನು ಎಂಬುದು ಒಂದು. ಹಿಂದುಮುಂದಿಲ್ಲದವನು, ದಿಕ್ಕಿಲ್ಲದವನು ಎಂಬುದು ಇನ್ನೊಂದು. ಊರು ಬಿಟ್ಟು ಬಂದವನಿಗೆ ಹೇಳುವವರು ಕೇಳುವವರು ಯಾರೂ ಇರುವುದಿಲ್ಲವೆಂಬ ಹಿರಿಯರ ಅನುಭವವೇ ಮೊದಲನೆಯ ಅರ್ಥವನ್ನು ಎರಡನೆಯದರತ್ತ ಜಾರಿಸಿದ್ದೀತು. ಕನ್ನಡ ಎಂ.ಎ. ಪರೀಕ್ಷೆಯನ್ನು ಮೊದಲ ದರ್ಜೆಯಲ್ಲಿ ಮುಗಿಸಿದ್ದ ಮೇಷ್ಟರಿಗೆ ಈ ಎರಡೂ ಅರ್ಥಗಳು ಚೆನ್ನಾಗಿ ಗೊತ್ತಿದ್ದವು. ಆದರೆ ಅವು ಯಾರಿಗೆ, ಯಾವಾಗ ಸಲ್ಲುತ್ತವೆ ಎಂಬುದು ತಿಳಿದದ್ದು 2017ರ ನವೆಂಬರಿನ ಒಂದು ಭಾನುವಾರ. ಸಹೋದ್ಯೋಗಿಯೊಬ್ಬರ ಜೊತೆಯಲ್ಲಿ ಮಲೆ ಮಹದೇಶ್ವರ ಬೆಟ್ಟವನ್ನು ನೋಡಿಕೊಂಡು ಬಂದ ದಿನ.

ಮೇಷ್ಟರದು ಉಡುಪಿಯ ಕಡೆಯ ಊರು. ಮನೆಮಾತು ತುಳು. ಕನ್ನಡವನ್ನು ಅವರು ಕಲಿತದ್ದು ಶಾಲೆಯಲ್ಲಿ, ಯಕ್ಷಗಾನದ ಬಯಲಿನಲ್ಲಿ, ಆಮೇಲೆ ಪುಸ್ತಕಗಳಲ್ಲಿ. ಹೀಗಾಗಿ ಅವರ ಬಾಯಿಂದ ಬರುತ್ತಿದ್ದ ಕನ್ನಡ ಅಚ್ಚಿಗೆ ಕಳುಹಿಸಲು ಸಿದ್ಧಪಡಿಸಿದ ಕನ್ನಡದಂತಿತ್ತು. ಆ ವರ್ಷದ ಜೂನ್ ತಿಂಗಳಲ್ಲಿ ಅವರಿಗೆ ಒಡೆಯರಪಾಳ್ಯದ ಟಿಬೆಟನ್ನರ ವಸತಿಯ ಶಾಲೆಯಲ್ಲಿ ಕನ್ನಡ ಹೇಳಿಕೊಡುವ ಕೆಲಸ ಸಿಕ್ಕಿತು. ಒಡೆಯರಪಾಳ್ಯ ಈಗ ಹನೂರು ತಾಲ್ಲೂಕಿಗೆ ಸೇರಿದೆ. ಆಗ ಕೊಳ್ಳೇಗಾಲ ತಾಲ್ಲೂಕಿನಲ್ಲಿತ್ತು. 1959ರಲ್ಲಿ ದಲಾಯಿ ಲಾಮಾ ಅವರು ಭಾರತಕ್ಕೆ ಬಂದ ಮೇಲೆ ಅವರ ಹಿಂದೆಯೇ ಬಂದ ಜನರಿಗೆ ನಮ್ಮ ರಾಜ್ಯ ನೆಲೆ ಕೊಟ್ಟಿತಷ್ಟೆ. ಮೊದಲು ಬೈಲಕುಪ್ಪೆ, ಬಳಿಕ 1966ರಲ್ಲಿ ಮುಂಡಗೋಡ, 1972ರಲ್ಲಿ ಹುಣಸೂರಿನ ಗುರುಪುರ, 1974ರ ಹೊತ್ತಿಗೆ ಒಡೆಯರಪಾಳ್ಯ. ಈ ಕೊನೆಯ ವಸತಿಗೆ ಅವರು ಇಟ್ಟುಕೊಂಡ ಹೆಸರು ಧೋಂಡೆನ್‌ಲಿಂಗ್.

ಕೊಳ್ಳೇಗಾಲದಿಂದ ಲೊಕ್ಕನಹಳ್ಳಿಯ ದಾರಿಯಾಗಿ ಬಂದ ಬಸ್ಸಿನಿಂದ ಮೊದಲ ದಿನ ಇಳಿದಾಗ ಮೇಷ್ಟರಿಗೆ ದಿಗ್ಭ್ರಮೆಯಾಯಿತು. ಒಂದು ಕಡೆ ರಾಗಿಯ ಹೊಲ, ಮುಸುಕಿನ ಜೋಳದ ಹೊಲ, ಅದರಾಚೆಗೆ ಕಾಡು. ಇನ್ನೊಂದು ಕಡೆ ಗಾಳಿಗೆ ಪಟಪಟನೆ ಬಡಿಯುವ ಐದು ಬಣ್ಣದ ಪ್ರಾರ್ಥನಾ ಪತಾಕೆಗಳು, ಕೈಯಲ್ಲಿ ಜಪಮಣಿ ಹಿಡಿದು ನಡೆಯುವ ಮುದುಕಿಯರು, 1992ರಲ್ಲಿ ದಲಾಯಿ ಲಾಮಾ ಅವರಿಂದಲೇ ಪ್ರಾರಂಭೋತ್ಸವ ಕಂಡ ಜೋಗ್ಚೆನ್ ವಿಹಾರ. ಅಂಗಡಿಯ ಹಲಗೆಗಳ ಮೇಲೆ ಕನ್ನಡಕ್ಕಿಂತ ದೊಡ್ಡದಾಗಿ ಬರೆದ ಬೇರೊಂದು ಲಿಪಿ. ಅಂದು ರಾತ್ರಿ ಅವರು ತಮ್ಮ ತಂದೆಗೆ ಫೋನಿನಲ್ಲಿ ಹೇಳಿದ ಮಾತು ಇದು: “ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿದೆ, ಅಪ್ಪ, ಟಿಬೆಟ್ಟಿನಲ್ಲಿ ಇಳಿದೆ.”

ಗಲ್ಫಿಗೆ ಹೋದ ಅಣ್ಣನನ್ನು ನೋಡಿಬರಬೇಕೆಂಬ ಆಸೆಯಿಂದ ಮೇಷ್ಟರು ನಾಲ್ಕು ವರ್ಷಗಳ ಹಿಂದೆ ಒಂದು ಪಾಸ್‌ಪೋರ್ಟ್ ಮಾಡಿಸಿಕೊಂಡಿದ್ದರು. ಪ್ರಯಾಣ ಕೈಗೂಡಿರಲಿಲ್ಲ. ಅದು ಟ್ರಂಕಿನ ತಳದಲ್ಲಿ, ಅಂಗಿಗಳ ಕೆಳಗೆ, ನುಸಿಗುಳಿಗೆಯ ವಾಸನೆ ಹಿಡಿದು ಮಲಗಿತ್ತು. ಅದನ್ನು ತೋರಿಸದೆಯೇ ಪರದೇಶವೊಂದಕ್ಕೆ ಬಂದು ಸಂಬಳ ಎಣಿಸುತ್ತಿದ್ದೇನೆಂದು ಅವರು ತಮ್ಮಷ್ಟಕ್ಕೆ ನಗುತ್ತಿದ್ದುದುಂಟು. ಶಾಲೆಯ ಮಕ್ಕಳು ಗುರುಗಳನ್ನು ಕರೆಯುವುದು ‘ಗೆನ್‌ಲಾ’ ಎಂದು. ಮೊದಮೊದಲು ಆ ಕರೆ ಕೇಳಿದಾಗ ಮೇಷ್ಟರು ಹಿಂತಿರುಗಿ ಬೇರೆ ಯಾರೋ ಬಂದರೆಂದು ನೋಡುತ್ತಿದ್ದರು.

ಅಲ್ಲಿ ಅವರಿಗೆ ಹತ್ತಿರವಾದವರು ಗಣಿತದ ಗೆನ್‌ಲಾ. ವಯಸ್ಸು ಮೂವತ್ತೇಳು, ಮೇಷ್ಟರಿಗಿಂತ ನಾಲ್ಕೈದು ವರ್ಷ ದೊಡ್ಡವರು. ಮಾತು ಕಡಿಮೆ. ಶಾಲೆಯಲ್ಲಿ ಮೇಷ್ಟರ ಜೊತೆ ಇಂಗ್ಲಿಷಿನಲ್ಲಿಯೇ ವ್ಯವಹರಿಸುತ್ತಿದ್ದರು. ಸಂಜೆ ಬೆಣ್ಣೆ ಹಾಕಿದ ಉಪ್ಪು ಚಹ ಕೊಟ್ಟು, ಮೇಷ್ಟರು ಅದನ್ನು ಕಷಾಯ ಕುಡಿಯುವವರ ಮುಖ ಮಾಡಿಕೊಂಡು ಕುಡಿಯುವುದನ್ನು ನೋಡಿ ಸುಮ್ಮನೆ ನಗುವವರು.

ನವೆಂಬರಿನಲ್ಲಿ ಊರು ಅರ್ಧ ಖಾಲಿಯಾಯಿತು. ಮಳೆಯನ್ನೇ ನಂಬಿದ ಜೋಳದ ಬೇಸಾಯದಿಂದ ವರ್ಷವಿಡೀ ಹೊಟ್ಟೆ ತುಂಬುವುದಿಲ್ಲ. ಚಳಿಗಾಲ ಬಂದಿತೆಂದರೆ ಮನೆಗೆ ಒಬ್ಬಿಬ್ಬರು ಸ್ವೆಟರಿನ ಗಂಟು ಹೊತ್ತು ದೂರದ ಪಟ್ಟಣಗಳಿಗೆ ಮಾರಾಟಕ್ಕೆ ಹೊರಡುತ್ತಾರೆ. ಬೀಗ ಹಾಕಿದ ಬಾಗಿಲುಗಳನ್ನು ನೋಡಿ ಮೇಷ್ಟರಿಗೆ ಬೇಸರ ಬಂದಿತು. ಒಂದು ಸಂಜೆ ಅವರೆಂದರು:

“ಭಾನುವಾರ ನಾವು ಮಹದೇಶ್ವರ ಬೆಟ್ಟಕ್ಕೆ ಹೋಗಿ ಬರುವ, ಆಗದೇ? ನೀವು ನಮ್ಮ ನಾಡನ್ನು ಸ್ವಲ್ಪ ನೋಡಬೇಕು ಮಾರಾಯ್ರೇ. ನಾನು ಎಲ್ಲವನ್ನೂ ವಿವರಿಸುತ್ತೇನೆ.”

ಗೆನ್‌ಲಾ ಒಂದು ಕ್ಷಣ ಅವರ ಮುಖ ನೋಡಿ, “ಆಗಲಿ ಸಾರ್” ಎಂದರು. ಹೆಚ್ಚೇನೂ ಹೇಳಲಿಲ್ಲ. ಮೇಷ್ಟರು ಶನಿವಾರ ರಾತ್ರಿ ಕುಳಿತು, ಎಂ.ಎ. ತರಗತಿಯಲ್ಲಿ ಜಾನಪದದ ಪತ್ರಿಕೆಗೆಂದು ಬರೆದುಕೊಂಡಿದ್ದ ಟಿಪ್ಪಣಿಯ ಪುಸ್ತಕವನ್ನು ಮತ್ತೊಮ್ಮೆ ತಿರುವಿ ಹಾಕಿದರು. ಅತಿಥಿಯ ಎದುರಿಗೆ ತಪ್ಪು ಹೇಳಬಾರದಲ್ಲ!

ಬೆಳಗಿನ ಮೊದಲ ಬಸ್ಸಿಗೆ ಹೊರಟು ಹನೂರಿನಲ್ಲಿ ಇಳಿದರು. ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಕುಳಿತಾಗ ಮೇಷ್ಟರು ಮಾಣಿಯನ್ನು ಕರೆದು, “ಇಲ್ಲಿ ಕುಡಿಯಲು ಬಿಸಿನೀರು ದೊರೆಯುವುದೇ?” ಎಂದು ವಿಚಾರಿಸಿದರು. ಹುಡುಗ ಅವರನ್ನೂ, ಆಮೇಲೆ ಗೆನ್‌ಲಾ ಅವರನ್ನೂ ನೋಡಿ, ತಗ್ಗಿದ ದನಿಯಲ್ಲಿ ಕೇಳಿದ:

“ಯಾವ್ ದೇಸ್ದೋರಣ್ಣ ಇವ್ರು?”

“ನಮ್ ಇಸ್ಕೂಲ್ ಮೇಷ್ಟ್ರು ಕಣ್ಲ. ಬಿಸ್ನೀರ್ ತಂದ್ ಮಡಗು, ವೋಗು” ಎಂದರು ಗೆನ್‌ಲಾ.

ಮೇಷ್ಟರು ಬೆರಗಾದರು. ಐದು ತಿಂಗಳಲ್ಲಿ ಗೆನ್‌ಲಾ ಅವರ ಬಾಯಲ್ಲಿ ಅವರು ಇಷ್ಟು ಕನ್ನಡ ಕೇಳಿರಲಿಲ್ಲ. ಅದಕ್ಕಿಂತ ಬೆರಗು ತಂದದ್ದು ‘ಮಡಗು’ ಎಂಬ ಮಾತು. ಅದನ್ನು ಅವರು ಹಳೆಯ ಕಾವ್ಯಗಳಲ್ಲಿ ಕಂಡು ಅಂಚಿನಲ್ಲಿ ‘ಇಡು’ ಎಂದು ಅರ್ಥ ಬರೆದುಕೊಂಡಿದ್ದರು. ಕಾವ್ಯದ ಮಾತು ಟಿಬೆಟ್ಟಿನವರೊಬ್ಬರ ಬಾಯಿಂದ ಹೊರಟು, ಹನೂರಿನ ಹೋಟೆಲಿನಲ್ಲಿ ಬಿಸಿನೀರಾಗಿ ಬಂದಿತ್ತು.

“ನೀವು ಕನ್ನಡ ಮಾತಾಡುತ್ತೀರೆಂದು ನನಗೆ ಹೇಳಲೇ ಇಲ್ಲವಲ್ಲ!”

“ನಿಮ್ಮ ಕನ್ನಡ ಬೇರೆ ಸಾರ್. ಅದರ ಮುಂದೆ ನಂದು ಆಡೋಕೆ ನಾಚಿಕೆ ಆಗುತ್ತೆ” ಎಂದು ಗೆನ್‌ಲಾ ಇಡ್ಲಿಯ ತಟ್ಟೆಯತ್ತ ತಲೆ ಬಗ್ಗಿಸಿದರು.

ಹನೂರಿನಿಂದ ಬೆಟ್ಟಕ್ಕೆ 50 ಕಿಲೋಮೀಟರಿಗೂ ಹೆಚ್ಚಿನ ದಾರಿ. ಕಾರ್ತಿಕ ಮಾಸವಾದುದರಿಂದ ಬಸ್ಸಿನಲ್ಲಿ ಕಾಲಿಡಲು ಸ್ಥಳವಿರಲಿಲ್ಲ. ಕೌದಳ್ಳಿಯಲ್ಲಿ ಒಬ್ಬ ಅಜ್ಜಿ ಹತ್ತಿ, ಮೇಷ್ಟರ ಪಕ್ಕದಲ್ಲಿ ಮೂಟೆ ಸಮೇತ ಕುಳಿತು, ಕುಳಿತ ಕ್ಷಣದಿಂದಲೇ ಮಾತಿಗೆ ಆರಂಭಿಸಿದಳು. ಅರ್ಧಕ್ಕರ್ಧ ಮೇಷ್ಟರಿಗೆ ಅರ್ಥವಾಗಲಿಲ್ಲ. ಅವರು ಸಂಕಟದಿಂದ ಹಿಂದಿನ ಸೀಟಿಗೆ ತಿರುಗಿದರು.

“ಅವರ ಐಕಳೆಲ್ಲ ನಿನ್ನೇನೇ ನಡಕೊಂಡು ಹೋದರಂತೆ. ಐಕಳು ಅಂದ್ರೆ ಮಕ್ಕಳು ಸಾರ್. ಇವರಿಗೆ ಮಂಡಿ ನೋವು, ಅದಕ್ಕೆ ಬಸ್ಸು. ಮಾದಪ್ಪನ ಹತ್ತಿರ ತಪ್ಪಾಯ್ತು ಅಂತ ಕೇಳಿಕೊಳ್ತಾರಂತೆ” ಎಂದು ಗೆನ್‌ಲಾ ಕನ್ನಡದಿಂದ ಕನ್ನಡಕ್ಕೆ ಅನುವಾದಿಸಿದರು. ಅಜ್ಜಿ ಗೆನ್‌ಲಾ ಅವರ ಕಡೆಗೆ ತಿರುಗಿ, ತನ್ನ ಮಾತು ತಿಳಿಯುವವನೊಬ್ಬ ಸಿಕ್ಕನೆಂಬ ನೆಮ್ಮದಿಯಿಂದ ತಾಳಬೆಟ್ಟದವರೆಗೂ ಮನೆಯ ವಿಷಯವನ್ನೆಲ್ಲ ಹೇಳಿ ಮುಗಿಸಿದಳು. ಮೇಷ್ಟರು ಕಿಟಕಿಯಾಚೆ ನೋಡುತ್ತ ಕುಳಿತರು.

ತಾಳಬೆಟ್ಟದಿಂದ ಘಟ್ಟದ ಏರು. ತಲೆಯ ಮೇಲೆ ಮೂಟೆ ಹೊತ್ತ ಪಾದಯಾತ್ರಿಗಳು ರಸ್ತೆಯಂಚಿನಲ್ಲಿ ಸಾಲಾಗಿ ಹತ್ತುತ್ತಿದ್ದರು. ತಿರುವು ತಿರುವಿಗೂ ಹೊಸ ಬೆಟ್ಟವೊಂದು ಎದ್ದು ನಿಲ್ಲುತ್ತಿತ್ತು. ಮಾದಪ್ಪನಿರುವುದು ಎಪ್ಪತ್ತೇಳು ಮಲೆಗಳ ನಡುವೆ ಎಂದು ಹಾಡುವವರ ಮಾತು ಉತ್ಪ್ರೇಕ್ಷೆಯೆಂದು ತೋರಲಿಲ್ಲ. ಗೆನ್‌ಲಾ ಕಾಡಿನ ಕಡೆ ಕೈ ತೋರಿಸಿ ಹೇಳಿದರು: “ವೀರಪ್ಪನ್ ಕಾಲದಲ್ಲಿ ಈ ದಾರಿಯಲ್ಲಿ ಬರೋಕೆ ಜನ ಹೆದರ್ತಿದ್ರು. 1992ರಲ್ಲಿ ರಾಮಾಪುರದ ಪೊಲೀಸ್ ಠಾಣೆ ಮೇಲೇ ಬಿದ್ದರಲ್ಲ, ಆ ವರ್ಷ ನಾವೂ ಬರಲಿಲ್ಲ.”

“ನಾವೂ ಎಂದರೆ? ನೀವು ಇಲ್ಲಿಗೆ ಮೊದಲೂ ಬಂದಿದ್ದೀರಾ?”

“ಇಪ್ಪತ್ತು ಸಲವಾದರೂ ಬಂದಿದ್ದೀನಿ ಸಾರ್.”

ಜೇಬಿನಲ್ಲಿದ್ದ ಟಿಪ್ಪಣಿಯ ಪುಸ್ತಕ ಮೇಷ್ಟರ ಎದೆಗೆ ಚುಚ್ಚಿದಂತಾಯಿತು. “ಹಾಗಾದರೆ ಮೊನ್ನೆ ಏಕೆ ಹೇಳಲಿಲ್ಲ?”

“ನೀವು ಅಷ್ಟು ಪ್ರೀತಿಯಿಂದ ಕರೆದಿರಿ” ಎಂದರು ಗೆನ್‌ಲಾ. ಆ ಮಾತಿನಲ್ಲಿ ಕೊಂಕಿರಲಿಲ್ಲ.

ಬೆಟ್ಟದ ಮೇಲೆ “ಉಘೇ ಮಾದಪ್ಪ” ಎಂಬ ಕೂಗು ಅಲೆಯಲೆಯಾಗಿ ಏಳುತ್ತಿತ್ತು. ಗುಡಿಯ ಮುಂದಿನ ಬಯಲಿನಲ್ಲಿ ಕಂಸಾಳೆಯವರ ಕಂಚಿನ ತಾಳ ಝಣಝಣಿಸುತ್ತಿತ್ತು. ಸಾಲಿನಲ್ಲಿ ನಿಂತಾಗ ಪಟ್ಟಣದ ಯುವಕನೊಬ್ಬ ಗೆನ್‌ಲಾ ಅವರನ್ನು ಇಂಗ್ಲಿಷಿನಲ್ಲಿ ಯಾವ ದೇಶದವರೆಂದು ವಿಚಾರಿಸಿ, ಜೊತೆಯಲ್ಲಿ ಒಂದು ಫೋಟೋ ತೆಗೆದುಕೊಳ್ಳಬಹುದೇ ಎಂದು ಕೇಳಿದ.

“ಒಡೆಯರಪಾಳ್ಯ” ಎಂದರು ಗೆನ್‌ಲಾ.

ಯುವಕ ನಕ್ಕು, “ಅದಲ್ಲ, ನಿಜವಾಗಿ ಯಾವ ದೇಶ?” ಎಂದ.

ಗೆನ್‌ಲಾ ಉತ್ತರ ಕೊಡಲಿಲ್ಲ. ಫೋಟೋಕ್ಕೆ ನಿಂತರು, ಅಷ್ಟೇ. ಕನ್ನಡ ನಾಡಿನ ಪರವಾಗಿ ತಾವೇ ಏನಾದರೂ ಹೇಳಬೇಕೆಂದು ಮೇಷ್ಟರು ಮಾತು ಹುಡುಕುವಷ್ಟರಲ್ಲಿ ಸಾಲು ಮುಂದೆ ಸರಿದಿತ್ತು. ಆಗ ಅವರಿಗೆ ಇನ್ನೊಂದು ಮಾತೂ ನೆನಪಾಯಿತು: ಮೊನ್ನೆ ಸಂಜೆ ‘ನಮ್ಮ ನಾಡನ್ನು ನೋಡಬೇಕು’ ಎಂದು ತಾವು ಹೇಳಿದುದಕ್ಕೂ ಈ ಹುಡುಗನ ಪ್ರಶ್ನೆಗೂ ಬಹಳ ಅಂತರವೇನೂ ಇರಲಿಲ್ಲ.

ಗರ್ಭಗುಡಿಯ ಹತ್ತಿರ ಬಂದಾಗ ಗೆನ್‌ಲಾ ಅಂಗಿಯ ಒಳಜೇಬಿನಿಂದ ಅರಿಸಿನದ ಬಟ್ಟೆಯ ಚಿಕ್ಕ ಗಂಟೊಂದನ್ನು ತೆಗೆದರು. ಅದನ್ನು ಹುಂಡಿಗೆ ಹಾಕಿ, ಎರಡೂ ಕೈಗಳನ್ನು ಹಣೆಗೆ, ಗಂಟಲಿಗೆ, ಎದೆಗೆ ಮುಟ್ಟಿಸಿ ತಮ್ಮ ರೀತಿಯಲ್ಲಿ ನಮಸ್ಕರಿಸಿದರು. ಪೂಜೆಗೆ ನಿಂತಿದ್ದ ಬೇಡಗಂಪಣ ಅರ್ಚಕರು ಉಳಿದವರಿಗೆ ಕೊಟ್ಟಂತೆಯೇ ಅವರ ಅಂಗೈಗೂ ವಿಭೂತಿ ಹಾಕಿದರು.

ಅಂತರಗಂಗೆಯ ಮೆಟ್ಟಿಲ ಮೇಲೆ ಕುಳಿತಾಗ ಮೇಷ್ಟರು ಆ ಗಂಟಿನ ವಿಷಯ ಕೇಳಿದರು.

ಗೆನ್‌ಲಾ ಹೇಳಿದ ಕಥೆ ಚಿಕ್ಕದು. ಅವರಿಗೆ ಆರು ವರ್ಷವಾಗಿದ್ದಾಗ ಜ್ವರ ಬಂದು ಹತ್ತು ದಿನ ಬಿಟ್ಟಿರಲಿಲ್ಲ. ತಂದೆ ಸ್ವೆಟರ್ ಮಾರಲು ಹೋಗಿದ್ದರು. ತಾಯಿ ಜಪಮಣಿ ಹಿಡಿದು ಹಾಸಿಗೆಯ ಪಕ್ಕದಲ್ಲಿ ಕುಳಿತಿದ್ದರು. ಅವರ ಹೊಲದಲ್ಲಿ ಕಳೆ ಕೀಳಲು ಬರುತ್ತಿದ್ದ ಪಕ್ಕದ ಹಳ್ಳಿಯ ಹೆಂಗಸು ಒಳಗೆ ಬಂದು, ತನ್ನ ಸೆರಗಿನ ಒಂದು ರೂಪಾಯಿಯನ್ನೇ ಅರಿಸಿನದ ಬಟ್ಟೆಯಲ್ಲಿ ಕಟ್ಟಿ, ‘ಈ ಕೂಸ ಉಳಿಸ್ಕೊಡು ನಮ್ಮಪ್ಪ ಮಾದೇವ’ ಎಂದು ಮಗುವಿನ ತಲೆಗೆ ಮುಟ್ಟಿಸಿ ಗೂಡಿನಲ್ಲಿಟ್ಟಳು. ಜ್ವರ ಇಳಿಯಿತು. ಆಸ್ಪತ್ರೆಯ ಔಷಧವೂ ನಡೆದಿತ್ತು. ಯಾವುದರಿಂದ ಇಳಿಯಿತೆಂದು ತಾಯಿ ತರ್ಕ ಮಾಡಲಿಲ್ಲ. ಮಣಿ ಎಣಿಸುವುದನ್ನೂ ಬಿಡಲಿಲ್ಲ, ಮಾದಪ್ಪನಿಗೆ ವರ್ಷಕ್ಕೊಂದು ಮುಡಿಪು ಕಳುಹಿಸುವುದನ್ನೂ ಬಿಡಲಿಲ್ಲ.

“ಈ ವರ್ಷ ಅಮ್ಮ ಒಂದು ಮಾತು ಕೇಳಿಕೊಂಡು ಬಾ ಅಂದಿದ್ದಾರೆ” ಎಂದು ಗೆನ್‌ಲಾ ನೀರನ್ನೇ ನೋಡುತ್ತ ಮುಂದುವರಿಸಿದರು. “ನನ್ನ ಅಣ್ಣ ಕೆನಡಾದಲ್ಲಿದ್ದಾನೆ. ಬಾ ಅಂತ ಕರೀತಾನೆ. ಹೋಗೋದಾ ಬೇಡವಾ ಅಂತ.”

“ಹೋಗಿಬನ್ನಿ, ಪಾಸ್‌ಪೋರ್ಟ್ ಇದ್ದರಾಯಿತಲ್ಲ” ಎಂದರು ಮೇಷ್ಟರು, ಬಾಯಿತಪ್ಪಿ.

ಆಗ ಗಣಿತದ ಗೆನ್‌ಲಾ ಕಪ್ಪು ಹಲಗೆಯ ಮೇಲೆ ಲೆಕ್ಕ ಬಿಡಿಸುವವರಂತೆ ಒಂದೊಂದಾಗಿ ಹೇಳಿದರು. ಅವರು ಹುಟ್ಟಿದ್ದು 1980ರಲ್ಲಿ, ಒಡೆಯರಪಾಳ್ಯದಲ್ಲಿ. ನಮ್ಮ ಪೌರತ್ವದ ಕಾಯಿದೆಯಂತೆ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದ ನೆಲದಲ್ಲಿ ಹುಟ್ಟಿದವರು, ತಂದೆತಾಯಿ ಎಲ್ಲಿಯವರೇ ಆಗಿರಲಿ, ಹುಟ್ಟಿನಿಂದಲೇ ಭಾರತೀಯರು. ಟಿಬೆಟನ್ನರಿಗೂ ಇದು ಸಲ್ಲುತ್ತದೆಂದು 2010ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ, 2013ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ತೀರ್ಪು ಕೊಟ್ಟವು. ಆದರೂ ಕೈಯಲ್ಲಿರುವುದು ವಿದೇಶೀಯನೆಂದು ಬರೆದ ನೋಂದಣಿ ಪತ್ರವೇ. 2017ರಲ್ಲಿ ಕೇಂದ್ರ ಸರ್ಕಾರ ಇಂಥವರಿಗೆ ಪಾಸ್‌ಪೋರ್ಟ್ ಕೊಡಲು ಒಪ್ಪಿತು. ಜೊತೆಗೆ ಷರತ್ತುಗಳನ್ನೂ ಇಟ್ಟಿತು. ನೋಂದಣಿ ಪತ್ರವನ್ನು ರದ್ದು ಮಾಡಿಸಬೇಕು. ನಿರಾಶ್ರಿತರ ವಸತಿಯಲ್ಲಿ ವಾಸವಾಗಿರಬಾರದು.

“ಅಂದರೆ, ಭಾರತೀಯ ಆಗಬೇಕಾದರೆ ನಾನು ಒಡೆಯರಪಾಳ್ಯದವನಾಗಿ ಇರಬಾರದು ಸಾರ್. ಒಡೆಯರಪಾಳ್ಯ ಇರೋದು ಭಾರತದಲ್ಲೇ. ಈ ಲೆಕ್ಕ ನನಗೆ ಬಿಡಿಸೋಕೆ ಬರ್ತಿಲ್ಲ.”

ಮೇಷ್ಟರು ಬಹಳ ಹೊತ್ತು ಮಾತಾಡಲಿಲ್ಲ. ಟ್ರಂಕಿನ ತಳದಲ್ಲಿ ನುಸಿಗುಳಿಗೆಯ ಜೊತೆ ಬಿದ್ದಿದ್ದ ತಮ್ಮ ಪುಸ್ತಕ ಅವರಿಗೆ ನೆನಪಾಯಿತು. ಅದನ್ನು ಪಡೆಯಲು ಅವರು ಯಾವ ಮನೆಯನ್ನೂ ಬಿಡಬೇಕಾಗಿರಲಿಲ್ಲ.

ಮೌನವನ್ನು ಮುರಿಯಬೇಕೆಂದು ಅವರು ಕೊನೆಗೆ ತಮ್ಮ ಟಿಪ್ಪಣಿಯ ಮಾತಿಗೆ ಕೈ ಹಾಕಿದರು: ಉತ್ತರಾಜಮ್ಮನ ಮಗನಾದ ಮಹದೇಶ್ವರನು ಸುತ್ತೂರು ಮಠದಲ್ಲಿ ರಾಗಿ ಬೀಸಿದ್ದು, ಕುಂತೂರು ಮಠವನ್ನು ದಾಟಿ ಹುಲಿಯೇರಿ ಈ ಮಲೆಗೆ ಬಂದದ್ದು, ಶ್ರವಣನನ್ನು ಮಡುಹಿದ್ದು, ಆಲಂಬಾಡಿಯ ಜುಂಜೇಗೌಡನಿಂದ ಗುಡಿ ಕಟ್ಟಿಸಿಕೊಂಡದ್ದು. ಗೆನ್‌ಲಾ ಎಲ್ಲವನ್ನೂ ಹೊಸದಾಗಿ ಕೇಳುವವರಂತೆ ಕೇಳಿದರು. ಮುಗಿದ ಮೇಲೆ ಮೆಲ್ಲನೆ, “ಹಾಗಾದರೆ ಮಾದಪ್ಪನೂ ಹೊರಗಿನಿಂದ ಬಂದವನೇ ಅಲ್ಲವಾ ಸಾರ್?” ಎಂದರು.

ಪರೀಕ್ಷೆಯಲ್ಲಿ ಆ ಕಥೆಯನ್ನು ಎಂಟು ಪುಟ ಬರೆದು ಒಳ್ಳೆಯ ಅಂಕ ಪಡೆದಿದ್ದ ಮೇಷ್ಟರಿಗೆ ಆ ಪ್ರಶ್ನೆ ಎಂದೂ ಹೊಳೆದಿರಲಿಲ್ಲ. ಬಂದವನಿಗೆ ಈ ನೆಲದವರು ಗುಡಿ ಕಟ್ಟಿದರು. ಎಲ್ಲಿಂದ ಬಂದೆಯೆಂಬ ಕಥೆಯನ್ನೇ ಹಾಡು ಮಾಡಿಕೊಂಡು ತಲೆತಲಾಂತರದಿಂದ ಹಾಡಿದರು. ಯಾವ ಹಾಡಿನಲ್ಲಿಯೂ ಅವನನ್ನು ‘ನಿಜವಾಗಿ ಯಾವ ದೇಶ’ ಎಂದು ಕೇಳಿ ದೂರವಿಟ್ಟಂತೆ ಮೇಷ್ಟರಿಗೆ ನೆನಪಾಗಲಿಲ್ಲ.

“ಮಾದಪ್ಪ ಏನು ಹೇಳಿದ?” ಎಂದು ಅವರು ಕೇಳಿದರು.

“ಸಾಲು ಬಹಳ ಉದ್ದ ಇತ್ತು. ಕೇಳೋದರೊಳಗೆ ಮುಂದೆ ತಳ್ಳಿಬಿಟ್ಟರು” ಎಂದು ಗೆನ್‌ಲಾ ನಕ್ಕರು. ಮೇಷ್ಟರೂ ನಕ್ಕರು. ಅಂದು ಅವರಿಬ್ಬರೂ ಒಟ್ಟಿಗೆ ನಕ್ಕದ್ದು ಅದೊಂದೇ ಸಲ.

ದಾಸೋಹದ ಊಟ ಮುಗಿಸಿ, ಮಧ್ಯಾಹ್ನದ ಬಸ್ಸು ಹಿಡಿದು, ಹನೂರಿನಲ್ಲಿ ಇಳಿದು ಕಾದು, ಒಡೆಯರಪಾಳ್ಯಕ್ಕೆ ಬಂದಾಗ ಕತ್ತಲಾಗಿತ್ತು. ಬೀಗ ಹಾಕಿದ ಮನೆಗಳ ಸಾಲಿನಲ್ಲಿ ದೀಪವಿದ್ದದ್ದು ಮೂರು ನಾಲ್ಕರಲ್ಲಿ ಮಾತ್ರ. ಅವುಗಳಲ್ಲಿ ಒಂದರ ಜಗಲಿಯ ಮೇಲೆ ಗೆನ್‌ಲಾ ಅವರ ತಾಯಿ ಜಪಮಣಿ ಹಿಡಿದು ಕುಳಿತಿದ್ದರು. ಮಗ ಅಂಗೈಯಲ್ಲಿ ಪೊಟ್ಟಣ ಮಾಡಿ ತಂದಿದ್ದ ವಿಭೂತಿಯನ್ನು ಕಣ್ಣಿಗೊತ್ತಿಕೊಂಡರು. ಮಾದಪ್ಪ ಏನೆಂದನೆಂದು ಅವರು ಕೇಳಲಿಲ್ಲ, ಮಗನೂ ಹೇಳಲಿಲ್ಲ. ತಾಯಿ ಟಿಬೆಟನ್ ಭಾಷೆಯಲ್ಲಿ ಏನೋ ಹೇಳಿ ಮೇಷ್ಟರ ಕಡೆ ತಿರುಗಿದರು. ಮೇಷ್ಟರು ತಮಗೆ ಬರುತ್ತಿದ್ದ ಒಂದೇ ಟಿಬೆಟನ್ ಮಾತನ್ನು ನೆನಪು ಮಾಡಿಕೊಂಡು, “ತಾಶಿ ದೆಲೆಕ್” ಎಂದು ಕೈಮುಗಿದರು.

ಮುದುಕಿ ಬೊಚ್ಚುಬಾಯಿ ಬಿಟ್ಟು ನಕ್ಕು, ಲೊಕ್ಕನಹಳ್ಳಿಯ ಸಂತೆಯ ಕನ್ನಡದಲ್ಲಿ ಮಗನಿಗೆ ಹೇಳಿದರು:

“ಒಳಕ್ಕ ಕರಿಲಾ ಮೇಷ್ಟ್ರ. ಪಾಪ, ಪರ್ದೇಸಿ. ಒತ್ತಿಗ್ ಸರಿಯಾಗಿ ಉಣ್ಣಾಕಿಕ್ಕೋರು ಯಾರವ್ರೆ?”

ಆ ಮಾತು ಮಾತ್ರ ಅನುವಾದವಿಲ್ಲದೆಯೇ ಮೇಷ್ಟರಿಗೆ ಅರ್ಥವಾಯಿತು. ಅವರು ಚಪ್ಪಲಿ ಬಿಟ್ಟು ಒಳಗೆ ಹೋದರು. ಮುದುಕಿ ಬಟ್ಟಲಿನ ತುಂಬ ಬಿಸಿಬಿಸಿ ಥುಕ್ಪಾ ಬಡಿಸಿ ಅವರ ಮುಂದೆ ಮಡಗಿದರು.